ಮಗುವಿನ ಪರ ಮಾತನಾಡುವವರು: ಠಾಣೆ ಜಿಲ್ಲೆಯಲ್ಲಿ ಬಾಲನ್ಯಾಯ ಮತ್ತು ಸ್ವಯಂಸೇವೆ

ಹೆತ್ತವರ ಆಸರೆ ತಪ್ಪಿದ ಮಗು ಎಲ್ಲಿರಬೇಕು, ಯಾರ ಬಳಿ ಬೆಳೆಯಬೇಕು ಎಂದು ನ್ಯಾಯಪೀಠ ತೀರ್ಮಾನಿಸುವ ಹೊತ್ತಿನಲ್ಲಿ ಆ ಒಂದೇ ಮಗುವಿನ ಬಗ್ಗೆ ವಿಚಾರಿಸಿ, ಅದರ ಮಾತನ್ನೂ ಹಿತವನ್ನೂ ಪೀಠದ ಮುಂದಿಡುವ ಸ್ವಯಂಸೇವಕರ ವ್ಯವಸ್ಥೆ ಅಮೆರಿಕದಲ್ಲಿ 1977ರಿಂದ ಇದೆ. ಭಾರತದ ಕಾನೂನಿನಲ್ಲಿ ಅಂಥ ಹುದ್ದೆ ಇಲ್ಲ. ಅದಕ್ಕೆ ಹತ್ತಿರವಾದ ಪಾತ್ರಗಳು ಮಾತ್ರ ಬೇರೆ ಬೇರೆ ಕಾಯ್ದೆಗಳಲ್ಲಿ ಚದುರಿಕೊಂಡಿವೆ: ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ ಪ್ರಕರಣಗಳಲ್ಲಿ ಬೆಂಬಲ ವ್ಯಕ್ತಿ, ಕಾನೂನು ಸೇವೆಗಳ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕ, ದುಭಾಷಿ, ಬಾಲನ್ಯಾಯ ಕಾಯ್ದೆ ಹೆಸರಿಸುವ ಸಮಾಜಸೇವಕ. ಠಾಣೆ ಜಿಲ್ಲೆಯ ಠಾಕುರ್ಲಿಯ ಸುತ್ತಲಿನ ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿ ಪ್ರದೇಶ ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ಸ್ಥಳ. ದೇಶದ ನಾನಾ ಕಡೆಯ ಮಕ್ಕಳು ರೈಲಿನಲ್ಲಿ ಬಂದಿಳಿಯುವುದು ಇಲ್ಲೇ. ಮಕ್ಕಳ ಪರವಾಗಿ ಹೊರಗಿನವರು ನ್ಯಾಯಾಲಯದ ಬಾಗಿಲು ತಟ್ಟಿದ ದೊಡ್ಡ ಪ್ರಕರಣಗಳು ನಡೆದದ್ದೂ ಇದೇ ಸುತ್ತಿನಲ್ಲಿ. ಆ ಪ್ರಕರಣಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಮಕ್ಕಳ ಬಗ್ಗೆ ಮರುಗುವವರು ಬೇಕಾದಷ್ಟು ಮಂದಿ ಇದ್ದಾರೆ. ಮೊದಲ ದಿನದಿಂದ ಕೊನೆಯ ಆದೇಶದವರೆಗೆ ಜೊತೆಗಿರುವ, ಯಾವ ಸಂಸ್ಥೆಯ ಹಂಗಿಗೂ ಬೀಳದ, ಪೀಠಕ್ಕೆ ನೇರವಾಗಿ ವರದಿ ಕೊಡಬಲ್ಲ ಒಬ್ಬ ವ್ಯಕ್ತಿ ಮಾತ್ರ ಇಲ್ಲ.

ಅಮೆರಿಕದ ವ್ಯವಸ್ಥೆಯ ಹುಟ್ಟು ಸರಳವಾದದ್ದು. 1974ರ ಒಂದು ಕಾಯ್ದೆ, ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಮಗುವಿಗೆ ಪ್ರತಿನಿಧಿ ಇರಬೇಕು ಎಂದು ರಾಜ್ಯಗಳಿಗೆ ಷರತ್ತು ಹಾಕಿತು. ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೌಕಪ್ ಅವರಿಗೆ, ತಾವು ಮಗುವಿನ ಬದುಕು ನಿರ್ಧರಿಸುತ್ತಿರುವುದು ಅರೆಬರೆ ಮಾಹಿತಿಯ ಮೇಲೆ ಎಂಬ ಅಳುಕಿತ್ತು. ವಕೀಲರಲ್ಲದ ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಟ್ಟು, ಒಬ್ಬರಿಗೆ ಒಂದೋ ಎರಡೋ ಪ್ರಕರಣ ವಹಿಸುವ ಕ್ರಮವನ್ನು ಅವರು ಶುರುಮಾಡಿದರು. ಶಾಲೆ, ಆಸ್ಪತ್ರೆ, ಪೋಷಕ ಕುಟುಂಬ, ಹೆತ್ತವರು ಹೀಗೆ ಎಲ್ಲರನ್ನೂ ಕಂಡು ಲಿಖಿತ ವರದಿ ಕೊಡುವುದು ಆ ಸ್ವಯಂಸೇವಕರ ಕೆಲಸ. ಸ್ಕಾಟ್ಲೆಂಡ್ ಅದಕ್ಕೂ ಮೊದಲೇ ಇನ್ನೂ ಮುಂದೆ ಹೋಗಿತ್ತು. 1968ರ ಕಾಯ್ದೆಯಂತೆ 1971ರಲ್ಲಿ ಆರಂಭವಾದ ಅಲ್ಲಿನ ಮಕ್ಕಳ ವಿಚಾರಣಾ ಪದ್ಧತಿಯಲ್ಲಿ ತೀರ್ಮಾನ ಕೊಡುವ ಮಂಡಳಿಯ ಸದಸ್ಯರೇ ಸ್ವಯಂಸೇವಕರು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಿಸಿದ ವಿಚಾರಣೆಯಲ್ಲಿ ತಾನೇ ಆಗಲಿ ಪ್ರತಿನಿಧಿಯ ಮೂಲಕವಾಗಲಿ ಮಾತನಾಡುವ ಅವಕಾಶ ಮಗುವಿಗಿರಬೇಕು ಎಂದಿತು. ಭಾರತ ಇದನ್ನು 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. 2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಆ ಹಕ್ಕನ್ನು ಮೂಲ ತತ್ವಗಳಲ್ಲಿ ಸೇರಿಸಿಕೊಂಡಿದೆ. ಹಕ್ಕು ಕಾಗದದ ಮೇಲಿದೆ. ಅದನ್ನು ಚಲಾಯಿಸಲು ನೆರವಾಗುವ ಮನುಷ್ಯ ಯಾರು ಎಂಬುದನ್ನು ಕಾಯ್ದೆ ಹೇಳುವುದಿಲ್ಲ. ಗಮನಿಸಬೇಕಾದ ವೈಚಿತ್ರ್ಯವೊಂದಿದೆ. ಆಸ್ತಿ ವ್ಯಾಜ್ಯದಲ್ಲಿ ಅಪ್ರಾಪ್ತ ವಯಸ್ಕರು ಪ್ರತಿವಾದಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ ಪ್ರಕಾರ ನ್ಯಾಯಾಲಯ ಅವರ ಪರ ರಕ್ಷಕರೊಬ್ಬರನ್ನು ನೇಮಿಸಲೇಬೇಕು. ಎರಡು ಗುಂಟೆ ಜಮೀನಿಗೆ ಸಿಗುವ ಈ ಕಾವಲು, ಇಡೀ ಬಾಲ್ಯವೇ ಪಣಕ್ಕಿರುವ ಮಗುವಿಗೆ ಸಿಗುವುದಿಲ್ಲ.

ಠಾಕುರ್ಲಿ ರೈಲಿನಿಂದ ಬೆಳೆದ ಊರು. ರೈಲ್ವೆ ಕಂಪನಿ ತನ್ನ ವಿದ್ಯುತ್ ಗಾಡಿಗಳಿಗಾಗಿ ಇಲ್ಲಿನ ಚೋಳಾದಲ್ಲಿ ವಿದ್ಯುತ್ ಸ್ಥಾವರ ಕಟ್ಟಿತು, ಸುತ್ತ ರೈಲ್ವೆ ವಸತಿ ಬೆಳೆಯಿತು. ದೂರದ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ; ಮುಂದಿನ ನಿಲ್ದಾಣ ಕಲ್ಯಾಣದಲ್ಲಿ ನಾಸಿಕ ಕಡೆಯ ಮಾರ್ಗವೂ ಪುಣೆ ಕಡೆಯ ಮಾರ್ಗವೂ ಕೂಡುತ್ತವೆ. ಬೆಂಗಳೂರಿನಿಂದ ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ ಹಾದು ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. ಒಂಟಿಯಾಗಿ ಬಂದಿಳಿದ ಮಗುವಿನ ದಾರಿಯನ್ನು ಹತ್ತಿರದಿಂದ ನೋಡಬೇಕು. ರೈಲ್ವೆ ರಕ್ಷಣಾ ದಳದವರೋ ಪ್ಲಾಟ್‌ಫಾರಂನಲ್ಲಿ ಕೆಲಸ ಮಾಡುವ ಸಂಸ್ಥೆಯ ಕಾರ್ಯಕರ್ತರೋ ಮಗುವನ್ನು ಕಂಡು ಪೊಲೀಸ್ ಠಾಣೆಗೆ ಕರೆದೊಯ್ಯುತ್ತಾರೆ. ಹೆಸರು, ಊರು ಬರೆದುಕೊಂಡು ವೈದ್ಯಕೀಯ ತಪಾಸಣೆ ಮಾಡಿಸುತ್ತಾರೆ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂತಿಲ್ಲದಿದ್ದರೆ ಒಬ್ಬ ಸದಸ್ಯರ ಮುಂದಾದರೂ ಸರಿ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ನ್ಯಾಯಿಕ ದಂಡಾಧಿಕಾರಿಯ ಅಧಿಕಾರವಿದೆ. ಮಗು ಬಾಲಗೃಹಕ್ಕೆ ಹೋಗುತ್ತದೆ. ಹದಿನೈದು ದಿನದಲ್ಲಿ ಸಾಮಾಜಿಕ ತನಿಖೆ ಮುಗಿಯಬೇಕು, ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಅಷ್ಟರಲ್ಲಿ ಆ ಮಗು ಪೇದೆ, ಸಂಸ್ಥೆಯ ಕಾರ್ಯಕರ್ತ, ವೈದ್ಯರು, ಸಮಿತಿಯ ಸದಸ್ಯರು, ಬಾಲಗೃಹದ ಅಧೀಕ್ಷಕರು, ಪಾಲಕರು, ಆಪ್ತಸಮಾಲೋಚಕರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಿಬ್ಬಂದಿ ಎಲ್ಲರಿಗೂ ಉತ್ತರ ಕೊಟ್ಟಿರುತ್ತದೆ. ಕೇಳುವ ಪ್ರಶ್ನೆಗಳು ಅವೇ: ಹೆಸರೇನು, ಊರು ಯಾವುದು, ಯಾಕೆ ಓಡಿ ಬಂದೆ? ಹೆದರಿದ ಮಗು ಒಬ್ಬರಿಗೆ ಒಂದು ಹೇಳುತ್ತದೆ, ಇನ್ನೊಬ್ಬರಿಗೆ ಇನ್ನೊಂದು. ಕಡತದಲ್ಲಿ ಅದು ಸುಳ್ಳು ಹೇಳುವ ಮಗುವಾಗಿ ಕಾಣುತ್ತದೆ. ಇವರಲ್ಲಿ ಒಬ್ಬರ ಮೇಲೂ ಅನುಮಾನ ಪಡಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮುಗಿಸಿ ಮುಂದಿನವರಿಗೆ ಒಪ್ಪಿಸುತ್ತಾರೆ. ಮಗು ಬೇರೆ ರಾಜ್ಯದ್ದಾದರೆ ಬಾಲನ್ಯಾಯ ಕಾಯ್ದೆಯ 95ನೇ ಸೆಕ್ಷನ್‌ನಂತೆ ತವರು ಜಿಲ್ಲೆಯ ಸಮಿತಿಗೆ ವರ್ಗವಾಗುತ್ತದೆ, ಅಲ್ಲಿ ವಿಚಾರಣೆ ಮತ್ತೆ ಮೊದಲಿನಿಂದ. ಇಡೀ ಕಥೆ ಗೊತ್ತಿರುವವರು ಮಗುವನ್ನು ಬಿಟ್ಟರೆ ಯಾರೂ ಇಲ್ಲ.

ಹೊರಗಿನವರ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಈ ಪ್ರದೇಶದ ಇತಿಹಾಸದಲ್ಲೇ ಸಾಕ್ಷ್ಯವಿದೆ. ಮುಂಬಯಿ ಪ್ರಾಂತದಲ್ಲಿ ಮಕ್ಕಳ ಕಾಯ್ದೆ ಬಂದದ್ದು 1924ರಲ್ಲಿ. ಅದರಡಿ ಗೃಹಗಳನ್ನು ನಡೆಸಲು ಚಿಲ್ಡ್ರನ್ಸ್ ಏಡ್ ಸೊಸೈಟಿ 1927ರಲ್ಲಿ ಹುಟ್ಟಿತು. ಆ ಗೃಹಗಳ ಸ್ಥಿತಿಯನ್ನು ನ್ಯಾಯಾಲಯದ ಮುಂದೆ ತಂದವರು ಪತ್ರಕರ್ತೆ ಶೀಲಾ ಬರ್ಸೆ. 1986ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸೊಸೈಟಿಯನ್ನು ಸರ್ಕಾರದ ಅಂಗವೆಂದೇ ಪರಿಗಣಿಸಬೇಕು ಎಂದಿತು. ಜೈಲುಗಳಲ್ಲಿದ್ದ ಮಕ್ಕಳ ಕುರಿತು ಅವರೇ ಹೂಡಿದ್ದ ಇನ್ನೊಂದು ಅರ್ಜಿಯ ಕಥೆ ಬೇರೆ. ವಿಳಂಬದಿಂದ ಬೇಸತ್ತು ಅರ್ಜಿ ಹಿಂಪಡೆಯಲು ಅವರು ಮುಂದಾದಾಗ 1988ರಲ್ಲಿ ಕೋರ್ಟ್ ಒಪ್ಪದೆ, ಪ್ರಕರಣವನ್ನು ಕಾನೂನು ನೆರವು ಸಮಿತಿಗೆ ವಹಿಸಿತು. ಮಕ್ಕಳ ಪ್ರಕರಣ ಒಬ್ಬರ ಹಟದ ಮೇಲೆ ನಿಲ್ಲಬಾರದು ಎಂಬುದು ಸರಿಯೇ. ಹಾಗೆಯೇ, ವರ್ಷಗಟ್ಟಲೆ ದುಡಿದ ಸ್ವಯಂಸೇವಕಿಗೆ ನ್ಯಾಯಾಲಯದಲ್ಲಿ ಗಟ್ಟಿಯಾದ ಸ್ಥಾನವಿರಲಿಲ್ಲ ಎಂಬುದೂ ಅಲ್ಲಿ ಬಯಲಾಯಿತು. ದತ್ತು ಪ್ರಕರಣಗಳಲ್ಲಿ ಆ ಸ್ಥಾನ ಸಿಕ್ಕಿತ್ತು. ವಿದೇಶಿಯರು ಮಗುವಿನ ಪಾಲಕತ್ವ ಕೋರಿದಾಗ ಭಾರತೀಯ ಸಮಾಜ ಕಲ್ಯಾಣ ಪರಿಷತ್ತಿಗೆ ನೋಟಿಸ್ ಕೊಟ್ಟು ಅದರ ಅಭಿಪ್ರಾಯ ಪಡೆಯುವ ರೂಢಿ ಬಾಂಬೆ ಹೈಕೋರ್ಟ್‌ನಲ್ಲಿತ್ತು. ಲಕ್ಷ್ಮೀಕಾಂತ ಪಾಂಡೆ ಪ್ರಕರಣದ 1984ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಸ್ವತಂತ್ರ ಪರಿಶೀಲನೆಯನ್ನು ದೇಶಕ್ಕೆಲ್ಲ ಅನ್ವಯಿಸಿತು. ಮಗುವನ್ನು ಕೊಡುವ ಸಂಸ್ಥೆಗೂ ಪಡೆಯುವ ದಂಪತಿಗೂ ಸಂಬಂಧವಿಲ್ಲದ ಮೂರನೆಯವರು ಕಾಗದಪತ್ರ ನೋಡಿ ನ್ಯಾಯಾಧೀಶರಿಗೆ ಹೇಳಬೇಕು ಎಂಬ ತತ್ವ ಅಷ್ಟು ಹಿಂದೆಯೇ ನಮ್ಮಲ್ಲಿ ಒಪ್ಪಿತವಾಗಿತ್ತು.

ಸ್ವತಂತ್ರರಾಗಿರುವುದು ಏಕೆ ಮುಖ್ಯ ಎಂಬುದನ್ನು 2002ರ ಪ್ರೇರಣಾ ಪ್ರಕರಣ ಇನ್ನೂ ಕಟುವಾಗಿ ತೋರಿಸಿತು. ಕಾಮಾಠಿಪುರದಲ್ಲಿ 1986ರಿಂದ ಕೆಲಸ ಮಾಡುತ್ತಿರುವ, ನವಿ ಮುಂಬಯಿಯ ಖಾರಘರ್‌ನಲ್ಲಿ ಹೆಣ್ಣುಮಕ್ಕಳ ಗೃಹ ನಡೆಸುವ ಪ್ರೇರಣಾ ಸಂಸ್ಥೆ ಬಾಂಬೆ ಹೈಕೋರ್ಟ್‌ಗೆ ಹೋದದ್ದು, ವೇಶ್ಯಾಗೃಹದಿಂದ ಬಿಡುಗಡೆ ಮಾಡಿಸಿದ ಹುಡುಗಿಯರ ರಕ್ಷಣೆಗಾಗಿ. ಆರೋಪಿಗಳ ಪರ ನಿಂತ ವಕೀಲರು ಅದೇ ಪ್ರಕರಣದಲ್ಲಿ ಬಿಡುಗಡೆಯಾದ ಹುಡುಗಿಯರ ಪರವೂ ನಿಲ್ಲುವಂತಿಲ್ಲ ಎಂದು ಹೈಕೋರ್ಟ್ ಸ್ಪಷ್ಟಪಡಿಸಿತು. ಇಂಥ ಬಾಲೆಯರ ಹೆಸರಿನಲ್ಲಿ ವಕೀಲರು ಸಮಿತಿಯ ಮುಂದೆ ಹಾಜರಾಗುವುದಕ್ಕೂ ಮಿತಿ ಹಾಕಿತು. ಇದರಿಂದ ತಿಳಿಯುವುದೇನು? ಪ್ರತಿನಿಧಿ ಎಂಬ ಹೆಸರಷ್ಟೇ ಮಗುವನ್ನು ಕಾಪಾಡುವುದಿಲ್ಲ. ಪ್ರತಿನಿಧಿಯ ಹಿಂದೆ ಯಾರ ಹಣ, ಯಾರ ಹಿತ ಇದೆ ಎಂಬುದು ಮೊದಲು ತಿಳಿಯಬೇಕು. ಬಿಡುಗಡೆಯ ಮರುದಿನವೇ ಮಗುವನ್ನು ಒಯ್ಯಲು ಬರುವ ಚಿಕ್ಕಪ್ಪ, ಮಾವಂದಿರ ವಿಚಾರದಲ್ಲೂ ಇದೇ ಪ್ರಶ್ನೆ ಏಳುತ್ತದೆ.

ಎಲ್ಲಕ್ಕಿಂತ ಬಲವಾದ ಪುರಾವೆ ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನಿಂದ ಬಂತು. ಅಲ್ಲಿನ ಕವಡಾಸದಲ್ಲಿ ಬುದ್ಧಿಮಾಂದ್ಯ ಮಕ್ಕಳ ಗೃಹವೊಂದರ ದಾರುಣ ಸ್ಥಿತಿ ಮತ್ತು ಮಕ್ಕಳ ಸಾವಿನ ವರದಿ ಪತ್ರಿಕೆಯಲ್ಲಿ ಬಂದಾಗ, 2010ರಲ್ಲಿ ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶಾ ಬಾಜಪೇಯಿ ಅವರ ನೇತೃತ್ವದ ಸಮಿತಿ ಗೃಹಗಳನ್ನು ಪರಿಶೀಲಿಸತೊಡಗಿತು. 2011ರಲ್ಲಿ ಪನ್ವೇಲ್‌ನ ಇನ್ನೊಂದು ಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು ಇಂಥ ಭೇಟಿಯಿಂದಲೇ. 2013ರಲ್ಲಿ ಸೆಷನ್ಸ್ ನ್ಯಾಯಾಲಯ ತಪ್ಪಿತಸ್ಥರಿಗೆ ಕಠಿಣ ಶಿಕ್ಷೆ ವಿಧಿಸಿತು.  ಮಾತು ಸರಿಯಾಗಿ ಬಾರದ ಮಕ್ಕಳು ಕೂಡ ತಮ್ಮೆದುರು ತಾಳ್ಮೆಯಿಂದ ಕೂತ ಹೊರಗಿನವರಿಗೆ ನಡೆದದ್ದನ್ನು ತಿಳಿಸಬಲ್ಲವರಾಗಿದ್ದರು. ಅದುವರೆಗೆ ಅವರೆದುರು ಹಾಗೆ ಕೂತವರಿರಲಿಲ್ಲ. ಹೈಕೋರ್ಟಿನ ಬೆಂಬಲವಿದ್ದ ಆ ಸಮಿತಿ ಒಂದು ಸಲದ ಏರ್ಪಾಡು. ಅದರ ಗುಣಗಳಾದ ಸ್ವಾತಂತ್ರ್ಯ, ಒಳಹೋಗುವ ಅಧಿಕಾರ ಮತ್ತು ನ್ಯಾಯಪೀಠಕ್ಕೆ ನೇರ ವರದಿಯನ್ನು ಒಂದೊಂದು ಮಗುವಿನ ಮಟ್ಟಕ್ಕೆ ಇಳಿಸಿದರೆ ಸ್ವಯಂಸೇವಕ ಪ್ರತಿನಿಧಿಯ ರೂಪ ಸಿಗುತ್ತದೆ.

ಕನ್ನಡದ ಮಕ್ಕಳ ವಿಚಾರದಲ್ಲಿ ಇದು ಇನ್ನಷ್ಟು ತುರ್ತಿನದು. ಮುಂಬಯಿಗೆ ಒಂಟಿಯಾಗಿ ಬಂದ ಹುಡುಗರ ಕಥೆ ಇಲ್ಲಿನ ಕನ್ನಡಿಗರಿಗೆ ಹೊಸತಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ, 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಮತ್ತು ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ರಾತ್ರಿ ಶಾಲೆ ನಡೆಸಿದವು. ಕಾನೂನು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಊರಿನವರೇ ಆ ಹುಡುಗರಿಗೆ ಪಾಲಕರಾದರು. ಹೋಟೆಲು ಮತ್ತು ಮನೆಗೆಲಸದಲ್ಲಿ 14ರೊಳಗಿನವರ ದುಡಿಮೆ 2006ರ ಅಕ್ಟೋಬರ್ 10ರಿಂದ ನಿಷಿದ್ಧ. ಈಗ ಬರುವ ಮಕ್ಕಳು ಬೇರೆ ದಿಕ್ಕಿನವರು: ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗುಳೆ ಬಂದು ಕಟ್ಟಡ ಕೆಲಸಕ್ಕೆ ನಿಂತ ಕುಟುಂಬಗಳವರು, ತಾಂಡಾಗಳವರು. ಅವರಿಗೂ ಡೊಂಬಿವಲಿಯ ಸಂಘಗಳಲ್ಲಿ ಸೇರುವ ಕನ್ನಡಿಗರಿಗೂ ಸಂಪರ್ಕ ಕಡಿಮೆ. ಸಮಿತಿಯ ಮುಂದೆ ಮರಾಠಿ, ಹಿಂದಿಯ ನಡುವೆ ನಿಂತ ಅಂಥ ಮಗು ತನ್ನ ಊರೆಂದು ಹೇಳುವುದು ತಾಂಡಾದ ಹೆಸರನ್ನು. ಅದು ಕಂದಾಯ ಗ್ರಾಮದ ಪಟ್ಟಿಯಲ್ಲಿ ಇರುವುದಿಲ್ಲ. ಸಂತೆ ಯಾವ ಊರಲ್ಲಿ, ಜಾತ್ರೆ ಯಾವ ದೇವರದು, ಬಸ್ಸು ಯಾವ ಕ್ರಾಸಿನಲ್ಲಿ ನಿಲ್ಲುತ್ತದೆ ಎಂದು ಅದರ ಮಾತಿನಲ್ಲೇ ಕೇಳಬಲ್ಲವರಿದ್ದರೆ ತಾಲ್ಲೂಕು ಪತ್ತೆಯಾಗುತ್ತದೆ. ಇಲ್ಲದಿದ್ದರೆ ಕಡತದಲ್ಲಿ ‘ವಿಳಾಸ ತಿಳಿದಿಲ್ಲ’ ಎಂದು ದಾಖಲಾಗಿ, ಮನೆ ಇರುವ ಮಗು ಅನಾಥರ ಸಾಲಿಗೆ ಸೇರುತ್ತದೆ. ಪೋಕ್ಸೊ ಕಾಯ್ದೆಯ 38ನೇ ಸೆಕ್ಷನ್ ಮಗುವಿನ ಹೇಳಿಕೆಗೆ ದುಭಾಷಿಯ ನೆರವು ಕೊಡುತ್ತದೆ. 2020ರ ನಿಯಮಗಳು ದುಭಾಷಿಗಳ, ಬೆಂಬಲ ವ್ಯಕ್ತಿಗಳ ಪಟ್ಟಿ ಇಡುವ ಹೊಣೆಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ವಹಿಸಿವೆ. ರಾಯಚೂರಿನಲ್ಲಿ 1992ರಲ್ಲಿ ಹುಟ್ಟಿ ಮನೆಬಿಟ್ಟ ಮಕ್ಕಳನ್ನು ಊರಿಗೆ ಸೇರಿಸುವ ಸಾಥಿ ಸಂಸ್ಥೆ, ಠಾಣೆಯ ಸಮತೋಲ ಪ್ರತಿಷ್ಠಾನದಂಥವು ರೈಲು ನಿಲ್ದಾಣಗಳಲ್ಲಿ ಮಾಡಿದ ಕೆಲಸದಿಂದ ಕಲಿಯಬೇಕಾದ್ದೂ ಇದೇ: ಮಗುವಿನ ಜೊತೆ ಸಾಕಷ್ಟು ಹೊತ್ತು ಕಳೆದವರಿಗೆ ಅದು ಮನೆಯ ದಾರಿ ಹೇಳುತ್ತದೆ.

ಪೋಷಕ ಕುಟುಂಬದ ವಿಷಯಕ್ಕೆ ಬಂದರೆ, ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. 2024ರ ಮಾದರಿ ಮಾರ್ಗಸೂಚಿಗಳು ಒಂಟಿಯಾಗಿರುವವರಿಗೂ ಬಾಗಿಲು ತೆರೆದವು, ಎರಡು ವರ್ಷ ಸಾಕಿದವರು ದತ್ತು ಪಡೆಯಬಹುದು ಎಂದವು. ಮಹಾರಾಷ್ಟ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬಾಲ ಸಂಗೋಪನ ಯೋಜನೆ. ಒಂಟಿ ತಾಯಿಯೋ ಅಜ್ಜಿಯೋ ಸಾಕುವ ಮಗುವಿಗೆ ಸಮಿತಿಯ ಆದೇಶದ ಮೇಲೆ ತಿಂಗಳಿಗೆ ಸಿಗುವ ಹಣ 425 ರೂಪಾಯಿ ಇದ್ದದ್ದು 2021ರಲ್ಲಿ 1,100, 2023ರಲ್ಲಿ 2,250 ಆಯಿತು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂಬ 2009ರ ವಿಶ್ವಸಂಸ್ಥೆಯ ಮಾರ್ಗಸೂಚಿಗೆ ನಮ್ಮಲ್ಲಿ ಅತಿ ಹತ್ತಿರವಾದ ಯೋಜನೆ ಇದು. ಇಲ್ಲಿಯೂ ಅದೇ ಕೊರತೆ ಕಾಡುತ್ತದೆ. ಪೋಷಕ ಕುಟುಂಬಗಳನ್ನು ಸಮಿತಿ ಪ್ರತಿ ತಿಂಗಳೂ ಪರಿಶೀಲಿಸಬೇಕು ಎನ್ನುತ್ತದೆ ಕಾಯ್ದೆ. ತಿಂಗಳಿಗೆ ಕನಿಷ್ಠ 20 ದಿನ ಕೂತು ವಿಚಾರಣೆ ನಡೆಸಬೇಕಾದ ಐವರು ಪ್ರತಿ ಮನೆಗೂ ಹೋಗಿ ಬರುವುದು ಹೇಗೆ?

ಈ ವಾದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ವರ್ಗದ್ದು. ಅಪಾರ್ಟ್‌ಮೆಂಟಿನಲ್ಲಿ ವಾಸಿಸುವ ನಿವೃತ್ತ ಉದ್ಯೋಗಿಗೆ ನಾಕಾದಲ್ಲಿ ದಿನಗೂಲಿಗೆ ನಿಲ್ಲುವ ಕಾರ್ಮಿಕರ ತಗಡಿನ ಶೆಡ್ಡು ಮಗು ಬೆಳೆಯತಕ್ಕ ಜಾಗವಾಗಿ ಕಾಣುವುದೇ? ಅಮೆರಿಕದಲ್ಲಿ ಇದೇ ಟೀಕೆ ಬಲವಾಗಿದೆ: ಸ್ವಯಂಸೇವಕರಲ್ಲಿ ಹೆಚ್ಚಿನವರು ಅನುಕೂಲಸ್ಥ ಬಿಳಿಯರು, ಪ್ರಕರಣಗಳಲ್ಲಿ ಹೆಚ್ಚಿನವು ಬಡವರವು, ಕಪ್ಪು ಜನರ ಪಾಲಂತೂ ಜನಸಂಖ್ಯೆಯ ಲೆಕ್ಕಕ್ಕಿಂತ ದೊಡ್ಡದು. ಟೆಕ್ಸಾಸ್ ರಾಜ್ಯದ ದತ್ತಾಂಶ ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ವಯಂಸೇವಕರಿದ್ದ ಮಕ್ಕಳು ಕಾಯಂ ನೆಲೆ ಸೇರುವ ಸಾಧ್ಯತೆ ಇಲ್ಲದವರಿಗಿಂತ ಕಡಿಮೆಯೇ ಕಂಡುಬಂತು. ಕಠಿಣ ಪ್ರಕರಣಗಳನ್ನೇ ಸ್ವಯಂಸೇವಕರಿಗೆ ವಹಿಸುತ್ತಾರೆ ಎಂಬ ಸಮರ್ಥನೆ ಇದೆ. ಆದರೆ ಅದರ ಮರೆಯಲ್ಲಿ ಈ ಫಲಿತಾಂಶವನ್ನು ತಳ್ಳಿಹಾಕುವುದು ತಪ್ಪಾಗುತ್ತದೆ. ಸ್ವಯಂಸೇವಕರಿಗೆ ಹೆತ್ತವರ ಯೋಗ್ಯತೆಗೆ ಅಂಕ ಕೊಡುವ ಅಧಿಕಾರ ಕೊಡಬಾರದು ಎಂಬುದು ಇದರಿಂದ ಸಿಗುವ ಪಾಠ. ಮಗು ಏನು ಹೇಳಿತು, ಯಾವ ಆದೇಶ ಜಾರಿಯಾಯಿತು, ಯಾವುದು ಆಗಲಿಲ್ಲ, ಮನೆಯವರನ್ನು ಹುಡುಕಲು ಏನು ಮಾಡಲಾಯಿತು ಎಂಬ ವಾಸ್ತವಗಳಿಗೆ ವರದಿ ಸೀಮಿತವಾಗಿರಬೇಕು. ತೀರ್ಪು ಸಮಿತಿಯದು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂಬ ಕಾಯ್ದೆಯ ತತ್ವವೇ ತರಬೇತಿಯ ಮೊದಲ ಪಾಠವಾಗಬೇಕು. ಶೆಡ್ಡಿನಲ್ಲಿ ಬೆಳೆದು ಬಂದವರೂ ಸ್ವಯಂಸೇವಕರ ಪಟ್ಟಿಯಲ್ಲಿರಬೇಕು. ಹಾಗಾಗಬೇಕಾದರೆ ಪ್ರಯಾಣದ ಖರ್ಚು, ದಿನಗೂಲಿಯ ನಷ್ಟ ತುಂಬಿಕೊಡಬೇಕು. ಬೆಂಬಲ ವ್ಯಕ್ತಿಗೆ ನುರಿತ ಕಾರ್ಮಿಕರ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಭಾವನೆ ಎಂದು ಪೋಕ್ಸೊ ನಿಯಮ ಹೇಳುವುದರಲ್ಲಿ ಆ ವಿವೇಕ ಕಾಣುತ್ತದೆ.

ಎರಡನೆಯ ಆಕ್ಷೇಪ ಭಯದ್ದು: ಮಕ್ಕಳ ಬಳಿಗೆ ಅಪರಿಚಿತರನ್ನು ಬಿಡುವುದೇ ಅಪಾಯವಲ್ಲವೇ? ಹೌದು, ಅಪಾಯವೇ. ಪನ್ವೇಲ್‌ನಲ್ಲಿ ಕೆಡುಕು ಮಾಡಿದವರು ಮಾತ್ರ ಅಪರಿಚಿತರಾಗಿರಲಿಲ್ಲ, ಗೃಹ ನಡೆಸುವವರೇ ಆಗಿದ್ದರು; ಬಾಗಿಲು ಮುಚ್ಚುವುದರಿಂದ ಮಗು ಸುರಕ್ಷಿತವಾಗುವುದಿಲ್ಲ. ಪೊಲೀಸ್ ಪರಿಶೀಲನೆ, ಇನ್ನೊಬ್ಬರ ಕಣ್ಣೆದುರೇ ಭೇಟಿ, ಮಗುವನ್ನು ಹೊರಗೆ ಕರೆದೊಯ್ಯದ ನಿಯಮ, ಫೋಟೋ ಮತ್ತು ಹೆಸರು ಹೊರಗೆಡವಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಡಿ ಶಿಕ್ಷೆ ಇವೆಲ್ಲ ಕಟ್ಟುನಿಟ್ಟಾಗಿರಬೇಕು. ಹುಟ್ಟುಹಬ್ಬಕ್ಕೆ ಕೇಕು ಹಂಚಿ ಫೋಟೋ ತೆಗೆಸಿಕೊಳ್ಳಲು ಬಾಲಗೃಹಕ್ಕೆ ಹೋಗುವ ಪದ್ಧತಿ ಈ ಕೆಲಸಕ್ಕೆ ತೀರ ವಿರುದ್ಧವಾದದ್ದು.

ಇದೆಲ್ಲ ಸರ್ಕಾರದ ಕೆಲಸ, ಸ್ವಯಂಸೇವಕರು ಬಂದರೆ ಸರ್ಕಾರ ನುಣುಚಿಕೊಳ್ಳುತ್ತದೆ ಎಂಬುದು ಮೂರನೆಯ ಆಕ್ಷೇಪ. ಇದಕ್ಕೆ ಉತ್ತರ ಮುಂಬಯಿಯಲ್ಲೇ ಇದೆ. 1098 ಮಕ್ಕಳ ಸಹಾಯವಾಣಿ 1996ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ ಹುಟ್ಟಿತು, ಸ್ವಯಂಸೇವಾ ಸಂಸ್ಥೆಗಳ ಜಾಲವಾಗಿ ದೇಶಕ್ಕೆ ಹಬ್ಬಿತು, 2023ರಿಂದ ಸರ್ಕಾರವೇ ಅದನ್ನು ನಡೆಸಲು ಮುಂದಾಯಿತು. ನಾಗರಿಕರು ಮೊದಲು ಮಾಡಿ ತೋರಿಸಿದ ಮೇಲೆ ಸರ್ಕಾರ ವಹಿಸಿಕೊಂಡದ್ದು ಇಲ್ಲಿನ ಅನುಭವ. ಸ್ವಯಂಸೇವಕರು ಪರಿವೀಕ್ಷಣಾಧಿಕಾರಿಯ ಖಾಲಿ ಕುರ್ಚಿಯಲ್ಲಿ ಕೂರಬಾರದು. ಕುರ್ಚಿ ಖಾಲಿ ಇದೆ ಎಂದು ಲಿಖಿತವಾಗಿ ಪೀಠಕ್ಕೆ ತಿಳಿಸಬೇಕು. ಸಂಬಳದ ನೌಕರರಿಗೆ ಕಷ್ಟವಾದ ಈ ಕೆಲಸ ಸಂಬಳಕ್ಕೆ ಕಟ್ಟುಬೀಳದವರಿಗೆ ಸುಲಭ.

ದಾರಿ ಈಗಾಗಲೇ ಅರ್ಧ ತೆರೆದಿದೆ. ಪೋಕ್ಸೊ ಪ್ರಕರಣಗಳಲ್ಲಿ ಬೆಂಬಲ ವ್ಯಕ್ತಿ ಬೇಕೇ ಬೇಡವೇ ಎಂಬುದನ್ನು ಹೆತ್ತವರ ವಿವೇಚನೆಗೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 18ರಂದು ಹೇಳಿತು. ಅದೇ ತತ್ವವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುವ ಪ್ರತಿ ಮಗುವಿಗೂ ಅನ್ವಯಿಸುವುದು ರಾಜ್ಯ ನಿಯಮಗಳಿಂದ ಆಗಬಹುದಾದ ಕೆಲಸ. ಅಲ್ಲಿಯವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಬಾಲನ್ಯಾಯ ಕಾಯ್ದೆಯ 31ನೇ ಸೆಕ್ಷನ್ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬಲ್ಲವರ ಸಾಲಿನಲ್ಲಿ ಸಾರ್ವಜನಿಕ ಕಾಳಜಿಯುಳ್ಳ ಯಾವುದೇ ನಾಗರಿಕರನ್ನೂ ಸೇರಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಪ್ರತಿ ಮಗುವಿಗೂ ಉಚಿತ ವಕೀಲರ ಹಕ್ಕು ಕೊಟ್ಟಿದೆ. ಠಾಕುರ್ಲಿಯಿಂದ ಕಲ್ಯಾಣದ ನ್ಯಾಯಾಲಯಕ್ಕೆ ಒಂದೇ ನಿಲ್ದಾಣ, ಉಲ್ಲಾಸನಗರದ ಸರ್ಕಾರಿ ಗೃಹಗಳಿಗೆ ಇನ್ನೆರಡು, ಬಾಲನ್ಯಾಯ ಮಂಡಳಿ ಇರುವ ಭಿವಂಡಿಗೆ ಕಲ್ಯಾಣದಿಂದ ಬಸ್ಸಿದೆ. ಉತ್ತರ ಕರ್ನಾಟಕದ ಮಾತು ಬಲ್ಲ ಶಿಕ್ಷಕರು, ನಿವೃತ್ತ ಬ್ಯಾಂಕ್ ನೌಕರರು, ಗೃಹಿಣಿಯರು ಈ ಪ್ರದೇಶದಲ್ಲಿ ಬೇಕಾದಷ್ಟಿದ್ದಾರೆ. ಅವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ದುಭಾಷಿಗಳ ಪಟ್ಟಿಗೆ, ಠಾಣೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವಕರ ತರಬೇತಿಗೆ ಅರ್ಜಿ ಹಾಕಬೇಕು. ಕನ್ನಡ ಸಂಘಗಳು ತಮ್ಮ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯಲ್ಲಿ ಇದಕ್ಕೂ ಒಂದು ಸ್ಥಾನ ಕೊಡಬೇಕು.